ಕೇಳಿದರೆ ಹೇಳುತ್ತಿದ್ದ ದಲ್ಲಾಳಿ

"ಮಾರಾಟ ಮುಗಿದ ಮೇಲೆ ದೂರು ಹೊತ್ತು ಬರುವವರಿಗೆ ಏನು ಹೇಳಬೇಕು, ಗುರುಗಳೇ?"

ಕೇಳಿದವನು ಬಸವಂತ. ಮಠಕ್ಕೆ ಮೊದಲಿನಿಂದಲೂ ಬರುತ್ತಿದ್ದ ಶಿಷ್ಯ. ಮನೆ, ನಿವೇಶನಗಳನ್ನು ತೋರಿಸಿ ಮಾರಿಸಿಕೊಡುವ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು.

"ಯಾರ ದೂರು?" ಎಂದು ಗುರುಗಳು ಕೇಳಿದರು.

"ಒಬ್ಬ ದಾದಿಯಮ್ಮ. ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ನಾನು ತೋರಿಸಿದ ಮನೆಯನ್ನೇ ಕೊಂಡರು. ಮಾಳಿಗೆಯ ಮೇಲೆ ನೀರಿನ ತೊಟ್ಟಿ ಇದೆ. ಅದರ ಕೆಳಗಿನ ಗೋಡೆ ಸೀಳು ಬಿಟ್ಟಿದೆ ಎನ್ನುತ್ತಾರೆ. ಮೊದಲ ಸಲ ಕಚೇರಿಯ ಬಾಗಿಲಲ್ಲೇ ನಿಂತು ಕೂಗಾಡಿದರು. ಎರಡನೆಯ ಸಲ ಕೂತು ಚಹಾ ಕುಡಿದರು. ಮೊನ್ನೆ ಬಂದಾಗ ನನ್ನನ್ನು ಮಗಾ ಎಂದು ಕರೆದರು. ಹೋಗುವಾಗ ನಗುತ್ತಲೇ ಹೋದರು." ಬಸವಂತ ತಾನೂ ನಕ್ಕ. "ಆದರೂ ಸೋಮವಾರ ಮತ್ತೆ ಬರುತ್ತಾರಂತೆ. ಇನ್ನು ಏನು ಹೇಳಿ ಕಳಿಸಬೇಕೋ ತಿಳಿಯದು. ನನ್ನಲ್ಲಿದ್ದ ಮಾತೆಲ್ಲ ಮುಗಿದುಹೋಗಿದೆ."



"ಮಾತು ಮುಗಿಯದ ಒಬ್ಬ ದಲ್ಲಾಳಿಯಿದ್ದ," ಎಂದರು ಗುರುಗಳು. "ಅವನ ಕತೆ ಹೇಳುತ್ತೇನೆ."

ನೇಕಾರರೇ ಹೆಚ್ಚಾಗಿದ್ದ ಒಂದು ಊರು. ಅಲ್ಲಿ ಮನೆ ಮಾರುವವರೂ ಕೊಳ್ಳುವವರೂ ಆ ದಲ್ಲಾಳಿಯ ಜಗಲಿ ಹತ್ತಿಯೇ ಇಳಿಯಬೇಕು. ಅವನು ಎರಡು ವಿಷಯಕ್ಕೆ ಹೆಸರಾಗಿದ್ದ.

ಅವನು ಸುಳ್ಳು ಹೇಳುವುದಿಲ್ಲ ಎನ್ನುವುದು ಮೊದಲನೆಯದು. ಅದು ನಿಜವೂ ಆಗಿತ್ತು. ಮಾಡು ಸೋರುತ್ತದೆಯೇ ಎಂದು ಕೇಳಿದರೆ, ಸೋರುತ್ತದೆ ಎನ್ನುತ್ತಿದ್ದ. ಪಕ್ಕದ ಮನೆಯವನು ಜಗಳಗಂಟನೇ ಎಂದು ಕೇಳಿದರೆ, ಹೌದು, ಆದರೆ ಅವನ ಹೆಂಡತಿಯ ಮುಂದೆ ಅವನು ಏನೂ ಅಲ್ಲ ಎನ್ನುತ್ತಿದ್ದ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ. ಕೇಳದೆ ಇದ್ದದ್ದನ್ನು ಹೇಳುತ್ತಿರಲಿಲ್ಲ. "ಕೇಳಿದರೆ ಹೇಳುವವನು ನಾನು. ಕೇಳುವ ಕೆಲಸ ಅವರದು," ಎನ್ನುವುದು ಅವನ ಮಾತು.

ಇನ್ನೊಂದು, ಅವನ ಬಾಗಿಲಿಗೆ ದೂರು ತಂದವರು ಯಾರೂ ದೂರು ಹೊತ್ತು ಹಿಂದಿರುಗಿದ್ದಿಲ್ಲ. ಅವನ ಜಗಲಿ ಹತ್ತಿದ ಹುಲಿ ಬೆಕ್ಕಾಗಿ ಇಳಿಯುತ್ತದೆ ಎಂದು ಊರಿನಲ್ಲಿ ತಮಾಷೆ ಮಾಡುತ್ತಿದ್ದರು. ಒಮ್ಮೆ ಒಬ್ಬ ಗಾಣಿಗ ದೊಣ್ಣೆ ಹಿಡಿದು ಬಂದಿದ್ದ. ಅವನು ಕೊಂಡ ಮನೆಯ ಬಾಗಿಲು ಕಿರಿದಾಗಿ ಗಾಣವನ್ನು ಒಳಗೆ ಸಾಗಿಸಲು ಆಗಿರಲಿಲ್ಲ. ಹೋಗುವಾಗ ಅವನು ದೊಣ್ಣೆಯನ್ನು ಜಗಲಿಯಲ್ಲೇ ಮರೆತು ಹೋದ. ಮರುದಿನ ದಲ್ಲಾಳಿ ಅದನ್ನು ಒರೆಸಿ, ಎಣ್ಣೆ ಹಚ್ಚಿಸಿ ಕಳಿಸಿಕೊಟ್ಟ. ಗಾಣಿಗ ಅದನ್ನೂ ಊರೆಲ್ಲ ಹೇಳಿಕೊಂಡು ಹೊಗಳಿದ.

ಈ ವಿದ್ಯೆಯನ್ನು ದಲ್ಲಾಳಿಗೆ ಅವನ ತಂದೆ ಕಲಿಸಿದ್ದ. ಅವನೂ ದಲ್ಲಾಳಿಯೇ. ದೂರು ತಂದವನನ್ನು ನಿಲ್ಲಿಸಬೇಡ, ಕೂರಿಸು. ಸಿಟ್ಟು ಕಾಲಿನಲ್ಲಿರುತ್ತದೆ, ಕೂತರೆ ಇಳಿಯುತ್ತದೆ. ಮಜ್ಜಿಗೆ ಕೊಡು, ಕುಡಿಯುವ ಬಾಯಿ ಬೈಯಲಾರದು. ಹೇಳಿ ಮುಗಿಸುವ ತನಕ ನಡುವೆ ಮಾತಾಡಬೇಡ. ಮುಗಿಸಿದ ಮೇಲೆ ಅವನ ಮಾತನ್ನೇ ಅವನಿಗೆ ತಿರುಗಿ ಹೇಳು. ತನ್ನ ಮಾತನ್ನು ಇನ್ನೊಬ್ಬನ ಬಾಯಲ್ಲಿ ಕೇಳಿದವನಿಗೆ ಅರ್ಧ ನ್ಯಾಯ ಸಿಕ್ಕಿದ ಹಾಗೆ.

ಬಸವಂತ ಜೇಬಿನಿಂದ ಸಣ್ಣ ಪುಸ್ತಕವೊಂದನ್ನು ತೆಗೆದ.

"ನಮ್ಮ ಕಚೇರಿಯಲ್ಲೂ ಇದನ್ನೇ ಕಲಿಸಿದರು ಗುರುಗಳೇ. ಇಷ್ಟು ಚೆನ್ನಾಗಿ ಹೇಳಲಿಲ್ಲ, ಅಷ್ಟೇ," ಎಂದು ಬರೆದುಕೊಳ್ಳತೊಡಗಿದ.

ಅವನು ಬರೆದು ಮುಗಿಸುವ ತನಕ ಗುರುಗಳು ಕಾದರು.

"ಐದನೆಯದೂ ಒಂದಿತ್ತು. ಅದನ್ನೂ ಬರೆದುಕೋ," ಎಂದರು. "ದೂರು ಕೇಳಿದ ಮೇಲೆ ಜಗಲಿ ಇಳಿಯಬೇಡ. ಹೋಗಿ ನೋಡಿದರೆ, ನೋಡಿದ್ದಕ್ಕೆಲ್ಲ ನೀನು ಹೊಣೆ."

ಬಸವಂತ ಅದನ್ನೂ ಬರೆದುಕೊಂಡ. ಗುರುಗಳು ಮುಂದುವರಿಸಿದರು.

ಆ ಊರಿನ ಒಬ್ಬ ಜವಳಿ ವರ್ತಕ ಬೇರೆ ಊರಿಗೆ ಹೋಗಿ ನೆಲೆಸುವವನಿದ್ದ. ಮನೆ ಮಾರಿಕೊಡು ಎಂದು ದಲ್ಲಾಳಿಯನ್ನು ಕರೆಸಿದ. ಮನೆಯೆಲ್ಲ ತೋರಿಸಿ, ಕೊನೆಗೆ ಹಿಂದಿನ ಕೋಣೆಗೆ ಕರೆದುಕೊಂಡು ಹೋದ. ಕೋಣೆ ಬರಿದಾಗಿತ್ತು.

"ಇಲ್ಲಿ ಬಟ್ಟೆಯ ಮೂಟೆ ಇಟ್ಟರೆ ಮುಗ್ಗುತ್ತದೆ. ಅದಕ್ಕೆ ನಾವು ಏನನ್ನೂ ಇಡುವುದಿಲ್ಲ," ಎಂದ.

"ಯಾಕೆ ಹಾಗೆ?"

ವರ್ತಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಕೆಳಗೆ ನಮ್ಮಜ್ಜನ ಕಾಲದ ಬಾವಿಯಿದೆ ಮಾರಾಯ. ನೀರು ಸವುಳಾಯಿತು ಎಂದು ಮುಚ್ಚಿದರು. ಬಾಯಿಗೆ ಅಡ್ಡಲಾಗಿ ತೊಲೆ ಹಾಕಿ, ಮೇಲೆ ಆಳುದ್ದ ಮಣ್ಣು ಬಡಿದು, ಕೋಣೆ ಕಟ್ಟಿದರು."

"ಒಳಗೆ ತುಂಬಿಸಲಿಲ್ಲವೇ?"

"ಅಷ್ಟು ಆಳ ತುಂಬಿಸುವ ವ್ಯವಧಾನ ಯಾರಿಗಿತ್ತು? ನಲವತ್ತು ವರ್ಷದಿಂದ ಏನೂ ಆಗಿಲ್ಲ. ಈಗ ನೀನು ಡಂಗುರ ಹೊಡೆದರೆ ಈ ಮನೆ ನನ್ನ ಕೊರಳಿಗೇ ಬೀಳುತ್ತದೆ."

"ಡಂಗುರ ಹೊಡೆಯುವುದಿಲ್ಲ. ಆದರೆ ಕೇಳಿದರೆ ಹೇಳುತ್ತೇನೆ," ಎಂದ ದಲ್ಲಾಳಿ.

ವರ್ತಕ ಜೋರಾಗಿ ನಕ್ಕ. "ಹೇಳು, ಹೇಳು. ನಿಮ್ಮ ನೆಲದ ಕೆಳಗೆ ಬಾವಿ ಇದೆಯೇ ಎಂದು ಕೇಳುವವನು ಇನ್ನೂ ಹುಟ್ಟಿ ಬರಬೇಕು."

ಆ ಮನೆಯನ್ನು ನೋಡಲು ಒಬ್ಬ ನೇಕಾರ ತನ್ನ ಹೆಂಡತಿಯೊಂದಿಗೆ ಬಂದ. ಅವನದು ಕುಣಿಮಗ್ಗ. ನೆಲದಲ್ಲಿ ಮೊಣಕಾಲಿನ ಆಳಕ್ಕೆ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು, ನೆಲದ ಅಂಚಿನಲ್ಲೇ ಕೂತು ನೇಯುವ ಮಗ್ಗ. ಅದಕ್ಕೆ ತಕ್ಕ ನೆಲ ಸಿಗುವ ಮನೆಯನ್ನು ಎರಡು ವರ್ಷದಿಂದ ಹುಡುಕುತ್ತಿದ್ದ. ಅವನು ತಿಳಿದವನು. ಕೊಳ್ಳುವ ನೇಕಾರ ಏನೇನು ಕೇಳಬೇಕೋ ಎಲ್ಲವನ್ನೂ ಕೇಳಿದ. ಗೆದ್ದಲು ಇದೆಯೇ ಎಂದ. ಬೆಳಕು ಎಷ್ಟು ಹೊತ್ತು ಇರುತ್ತದೆ ಎಂದ. ಇಲಿ ಇದೆಯೇ ಎಂದ. ದಲ್ಲಾಳಿ ಒಂದೊಂದಕ್ಕೂ ಇದ್ದದ್ದನ್ನೇ ಹೇಳಿದ. ಇಲಿ ಇದೆ ಎಂದ.

ಹಿಂದಿನ ಕೋಣೆಗೆ ಬಂದಾಗ ನೇಕಾರ ಬಗ್ಗಿ ನೆಲದ ಮೇಲೆ ಅಂಗೈ ಇಟ್ಟ. ಹಾಗೆಯೇ ಕೂತುಬಿಟ್ಟ. ಎರಡೂ ಕೈಯಿಂದ ನೆಲವನ್ನು ಸವರಿದ.

"ಬಾರೇ ಇಲ್ಲಿ. ಮುಟ್ಟಿ ನೋಡು," ಎಂದು ಹೆಂಡತಿಯನ್ನು ಕರೆದ. "ಬೇಸಗೆಯಲ್ಲೂ ಎಷ್ಟು ತಂಪಾಗಿದೆ! ಇಂಥ ನೆಲದ ಮೇಲೆ ಹಾಸಿದ ನೂಲು ತುಂಡಾಗುವುದೇ ಇಲ್ಲ."

ಒಣ ನೆಲದಲ್ಲಿ ನೂಲು ಸಿಡಿದು ತುಂಡಾಗುತ್ತದೆ. ಹಸಿ ಆರದ ನೆಲಕ್ಕಾಗಿ ನೇಕಾರರು ಹಂಬಲಿಸುತ್ತಾರೆ. ಬಟ್ಟೆ ಮಾರುವವನು ಯಾವುದಕ್ಕೆ ಹೆದರಿ ಕೋಣೆಯನ್ನು ಬರಿದು ಬಿಟ್ಟಿದ್ದನೋ, ಬಟ್ಟೆ ನೇಯುವವನು ಅದನ್ನೇ ಕಂಡು ಮನಸೋತ.

ಹೆಂಡತಿಯೂ ಮುಟ್ಟಿ ನೋಡಿದಳು. "ಬೇರೆ ಕೋಣೆ ಹೀಗಿಲ್ಲ. ಇಲ್ಲಿ ಮಾತ್ರ ಯಾಕೆ ಇಷ್ಟು ತಂಪು, ಅಣ್ಣಾ?" ಎಂದಳು.

"ಹಿಂದೆ ಈ ಜಾಗದಲ್ಲಿ ನೀರಿತ್ತು ತಂಗಿ," ಎಂದ ದಲ್ಲಾಳಿ.

"ನೀರಿದ್ದ ಜಾಗ ಒಳ್ಳೆಯದೇ," ಎಂದ ನೇಕಾರ.

ದಲ್ಲಾಳಿ ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

"ಅವನು ಸುಳ್ಳು ಹೇಳಲಿಲ್ಲವಲ್ಲ, ಗುರುಗಳೇ," ಎಂದು ಬಸವಂತ ನಡುವೆ ಕೇಳಿದ.

"ಇಲ್ಲ. ಒಂದೂ ಹೇಳಲಿಲ್ಲ," ಎಂದು ಗುರುಗಳು ಮುಂದುವರಿಸಿದರು.

ಮನೆ ಕೈ ಬದಲಾಯಿತು. ವರ್ತಕ ಊರು ಬಿಟ್ಟ. ನೇಕಾರ ಹಿಂದಿನ ಕೋಣೆಯ ನಡುವೆ ಕುಣಿ ತೋಡಿ ಮಗ್ಗ ಹೂಡಿದ. ನೂಲು ತುಂಡಾಗಲಿಲ್ಲ. ಮೊದಲ ವರ್ಷ ಅವನ ಮಗ್ಗದಿಂದ ಇಳಿದಂಥ ಸೀರೆ ಆ ಕೇರಿಯಲ್ಲಿ ಬೇರೆ ಯಾರ ಮಗ್ಗದಿಂದಲೂ ಇಳಿಯಲಿಲ್ಲ.

ಎರಡನೆಯ ವರ್ಷ ಸೀರೆ ವಾರೆಯಾಗತೊಡಗಿತು. ಅಂಚು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ನೇಕಾರ ಮಗ್ಗದ ಗೂಟಗಳನ್ನು ಅಳೆದು ಸರಿ ಮಾಡಿದ. ಹದಿನೈದು ದಿನಕ್ಕೆ ಮತ್ತೆ ವಾರೆ. ಅವನು ಮಗ್ಗ ಬಿಟ್ಟು ಏಳುವಂತಿರಲಿಲ್ಲ. ಹೆಂಡತಿ ದಲ್ಲಾಳಿಯ ಮನೆಗೆ ಬಂದಳು.

ಅವಳು ಬರುವಾಗ ಸಿಟ್ಟಾಗಿದ್ದಳು. ದಲ್ಲಾಳಿ ಎದ್ದು ನಿಂತು ಅವಳನ್ನು ಕೂರಿಸಿದ. ಮಜ್ಜಿಗೆ ತರಿಸಿದ. ಅವಳು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದ.

"ನಿನ್ನ ಗಂಡ ಕೈತಪ್ಪುವ ನೇಕಾರನಲ್ಲ. ಮಗ್ಗವೂ ಹೊಸದು. ಆದರೂ ಸೀರೆ ಒಂದು ಕಡೆಗೆ ಎಳೆಯುತ್ತಿದೆ. ಮನೆಯಲ್ಲಿ ಏನೋ ದೋಷವಿದೆಯೇ ಎಂದು ನಿನಗೆ ಅನುಮಾನ. ಅಲ್ಲವೇ ತಂಗಿ?"

"ಹೌದು ಅಣ್ಣಾ. ಅದೇ," ಎಂದಳು. ತನ್ನ ಮಾತನ್ನು ಇಷ್ಟು ಸರಿಯಾಗಿ ತಾನೇ ಹೇಳಿರಲಿಲ್ಲ ಎನ್ನಿಸಿತು ಅವಳಿಗೆ.

"ಹೊಸ ಮರ ಹಸಿ ನೆಲದಲ್ಲಿ ಸ್ವಲ್ಪ ತಿರುಚಿಕೊಳ್ಳುವುದುಂಟು. ಬಡಗಿಗೆ ನಾನೇ ಹೇಳಿ ಕಳಿಸುತ್ತೇನೆ."

ಅದೂ ಸುಳ್ಳಲ್ಲ. ಮರ ತಿರುಚಿಕೊಳ್ಳುವುದುಂಟು. ಅವಳು ಹೋದ ಮೇಲೆ ದಲ್ಲಾಳಿಗೆ ಬಾವಿ ನೆನಪಾಯಿತು. ಹೋಗಿ ನೋಡಿ ಬರೋಣವೇ ಎಂದುಕೊಂಡ. ನೋಡಿದರೆ ನೋಡಿದ್ದನ್ನು ಹೇಳಬೇಕಾಗುತ್ತದೆ. ಅವನು ಏಳಲಿಲ್ಲ.

ಬಡಗಿ ಬಂದು ಮಗ್ಗವನ್ನು ನೆಟ್ಟಗೆ ಮಾಡಿ ಹೋದ.

ಮಳೆಗಾಲ ಹಿಡಿದ ಮೇಲೆ ಅವಳು ಎರಡನೆಯ ಸಲ ಬಂದಳು. ಈಗ ಕುಣಿಯ ಗೋಡೆಯಿಂದ ಮಣ್ಣು ಉದುರುತ್ತಿತ್ತು. ನೇಯುವಾಗ ಗಂಡನ ಕಾಲಿನ ಮೇಲೆ ಬೀಳುತ್ತಿತ್ತು. ಎರಡು ಸಲ, ಲಾಳಿ ನಿಲ್ಲಿಸಿದಾಗ, ಕೆಳಗೆ ಎಲ್ಲೋ ಕಲ್ಲು ಬಿದ್ದ ಸದ್ದು ಕೇಳಿಸಿತ್ತು.

ದಲ್ಲಾಳಿ ಕೂರಿಸಿದ. ಮಜ್ಜಿಗೆ ಕೊಟ್ಟ. ಕೇಳಿದ. ತಿರುಗಿ ಹೇಳಿದ. ಈ ಸಲ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ತನ್ನ ಖರ್ಚಿನಲ್ಲೇ ಒಂದು ಬಂಡಿ ಜೇಡಿಮಣ್ಣು ಕಳಿಸಿ ಕುಣಿಯ ಸುತ್ತ ಕಟ್ಟೆ ಕಟ್ಟಿಸಿಕೊಡುತ್ತೇನೆ ಎಂದ. ಹೇಳಿದ ಹಾಗೆ ಕಳಿಸಿದ. ಒಂದು ಬಂಡಿ ಭಾರ ಆ ನೆಲದ ಮೇಲೆ ಬಿತ್ತು.

ಅವಳ ಮನೆಯ ಎದುರಿಗೆ ಒಬ್ಬ ಮುದುಕನಿದ್ದ. ಬಾವಿ ತೋಡುವ ಕೆಲಸ ಮಾಡಿ ಮುದುಕನಾದವನು. ಅವನು ಜೇಡಿಮಣ್ಣಿನ ಬಂಡಿ ಬಂದದ್ದನ್ನು ನೋಡಿ ಏನು ಎಂದು ಕೇಳಿದ. ಅವಳು ಹೇಳಿದಳು. ಮುದುಕ ಒಳಗೆ ಬಂದು ಕೋಣೆಯ ನೆಲದ ಮೇಲೆ ಕಿವಿ ಇಟ್ಟ. ಹಿಮ್ಮಡಿಯಿಂದ ಒಮ್ಮೆ ಗುದ್ದಿದ. ಮತ್ತೆ ಕಿವಿ ಇಟ್ಟ.

"ಮಗ್ಗ ಕಿತ್ತು ಪಡಸಾಲೆಯಲ್ಲಿ ಹಾಕಿಕೊಳ್ಳಿ ತಾಯಿ. ಇವತ್ತೇ," ಎಂದ. "ಇದು ಗಟ್ಟಿ ನೆಲದ ಸದ್ದಲ್ಲ."

"ಪಡಸಾಲೆಯ ನೆಲ ಒಣಗಿ ಬಿರುಕು ಬಿಟ್ಟಿದೆ ಅಜ್ಜಾ. ಅಲ್ಲಿ ಅವರು ನೇಯುವುದೇ ಇಲ್ಲ."

"ನೇಯದಿದ್ದರೆ ಹಸಿದಿರುತ್ತೀರಿ. ಹಸಿದವರು ಬದುಕಿರುತ್ತಾರೆ."

ಅವಳಿಗೆ ಸಿಟ್ಟು ಬಂತು. "ದಲ್ಲಾಳಿ ಅಣ್ಣನಿಗೆ ಎಲ್ಲ ಹೇಳಿದ್ದೇನೆ. ಅವರಿಗಿಂತ ನಿಮಗೆ ಹೆಚ್ಚು ಗೊತ್ತೇ? ಅವರು ಒಂದು ತಾಸು ಕೂತು ಕೇಳಿದರು. ನೀವು ಒಂದು ಗಳಿಗೆ ಕಿವಿ ಇಟ್ಟು ಕೆಟ್ಟದ್ದು ನುಡಿಯುತ್ತೀರಿ."

"ನಿಜ ತಾಯಿ. ನನಗೆ ಮಜ್ಜಿಗೆ ಕೊಡಲು ಬರುವುದಿಲ್ಲ," ಎಂದು ಮುದುಕ ಎದ್ದು ಹೋದ.

ಆದರೂ ಅವನ ಮಾತು ಅವಳ ಎದೆಯಲ್ಲಿ ಕೂತಿತು. ಎಂಟು ದಿನ ತಡೆದಳು. ಗಂಡನಿಗೆ ಹೇಳಿದಳು. "ಮುದುಕನಿಗೆ ಈಗ ಯಾರೂ ಕೆಲಸ ಕೊಡುವುದಿಲ್ಲ. ಅದಕ್ಕೇ ಎಲ್ಲ ಕಡೆ ಬಾವಿ ಕಾಣುತ್ತಾನೆ," ಎಂದು ಅವನು ನಕ್ಕುಬಿಟ್ಟ. ಒಂಬತ್ತನೆಯ ದಿನ ಅವಳು ಮೂರನೆಯ ಸಲ ದಲ್ಲಾಳಿಯ ಜಗಲಿ ಹತ್ತಿದಳು.

ಈ ಸಲ ಅವಳು ದೂರು ತಂದಿರಲಿಲ್ಲ. ಪ್ರಶ್ನೆ ತಂದಿದ್ದಳು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತ ಬಂದಿದ್ದಳು. ಆ ನೆಲದ ಕೆಳಗೆ ಏನಿದೆ? ಇಷ್ಟೇ ಪ್ರಶ್ನೆ. ನಾಲ್ಕು ಮಾತಿನದು.

ಅವಳ ಮುಖ ನೋಡಿದ ಕೂಡಲೇ ದಲ್ಲಾಳಿಗೆ ತಿಳಿಯಿತು. ಮೂವತ್ತು ವರ್ಷ ಜನರ ಮುಖ ನೋಡಿ ಬದುಕಿದವನು. ಅವಳು ಕೇಳಿದರೆ ಹೇಳಬೇಕು. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಕೂತುಕೋ ತಂಗಿ. ಮೊದಲು ಗಂಟಲು ತಣಿಸಿಕೋ," ಎಂದ.

ಅವಳು ಕುಡಿದು ಲೋಟ ಕೆಳಗಿಟ್ಟಳು. ಬಾಯಿ ತೆರೆಯುವ ಮೊದಲೇ ಅವನು ಮಾತಾಡಿದ. ತಂದೆ ಕಲಿಸಿದ ಕ್ರಮವನ್ನು ಅವನು ಮುರಿದದ್ದು ಅದೊಂದೇ ಸಲ.

"ನಿನ್ನ ಮುಖ ನೋಡಿದರೆ ಸರಿಯಾಗಿ ಊಟ ಮಾಡಿ ಎಷ್ಟೋ ದಿನವಾದ ಹಾಗಿದೆ. ಹೆದರಿದ್ದೀಯೆ. ಹೆದರಿಕೆಯಾಗುವುದೇ ಸರಿ. ನಿನ್ನ ಜಾಗದಲ್ಲಿ ನಾನಿದ್ದರೂ ಹೆದರುತ್ತಿದ್ದೆ. ಗಂಡನಿಗೆ ಹೇಳಿದರೆ ನಗುತ್ತಾನೆ, ಊರಿನವರಿಗೆ ಹೇಳಿದರೆ ಇನ್ನಷ್ಟು ಹೆದರಿಸುತ್ತಾರೆ. ನೀನು ಒಬ್ಬಳೇ ಎಷ್ಟು ಹೊರುತ್ತೀ?"

ಅವಳಿಗೆ ಅಳು ಬಂತು. ತವರಿನಲ್ಲಿ ಕೂಡ ಯಾರೂ ಅವಳಿಗೆ ಹೀಗೆ ಹೇಳಿರಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿಯುವ ಹೊತ್ತಿಗೆ, ಇಂಥ ಮನುಷ್ಯನನ್ನು ಅನುಮಾನಿಸಿ ಪ್ರಶ್ನೆ ಕೇಳಲು ಬಂದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಏನೋ ಕೇಳಬೇಕೆಂದು ಬಂದೆ ಅಣ್ಣಾ. ಈಗ ಬೇಡ," ಎಂದಳು.

ದಲ್ಲಾಳಿ ಏನು ಎಂದು ಕೇಳಲಿಲ್ಲ.

ಅವಳು ಹಗುರಾಗಿ ಮನೆಗೆ ಹೋದಳು. ಮಣ್ಣು ಉದುರಿದರೆ ಮಣ್ಣು ಎಂದುಕೊಂಡಳು. ಸದ್ದು ಕೇಳಿದರೆ ಇಲಿ ಎಂದುಕೊಂಡಳು. ಇಲಿ ಇದೆ ಎಂದು ದಲ್ಲಾಳಿ ಮೊದಲೇ ಹೇಳಿದ್ದನಲ್ಲ. ಎದುರು ಮನೆಯ ಮುದುಕ ಮಗ್ಗ ಕಿತ್ತಿರಾ ಎಂದು ಎರಡು ಸಲ ಕರೆದು ಕೇಳಿದ. ಅವಳು ಬಾಗಿಲು ಹಾಕಿಕೊಂಡಳು.

ಜಗಲಿಯ ಮೇಲೆ ಕೂತಿದ್ದ ದಲ್ಲಾಳಿ, ಕೇಳಿದ್ದರೆ ಹೇಳಿಯೇ ಬಿಡುತ್ತಿದ್ದೆ ಎಂದು ಆಗಾಗ ಅಂದುಕೊಳ್ಳುತ್ತಿದ್ದ. ಅವಳು ನಾಲ್ಕನೆಯ ಸಲ ಬರಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ದೂರು ತೀರಿತು ಎಂದು ಅವನು ತಿಳಿದ.

ಶ್ರಾವಣ ಮಾಸದ ಒಂದು ಮಧ್ಯಾಹ್ನ. ಅವಳು ಪಡಸಾಲೆಯಲ್ಲಿ ಕೂತು ನೂಲು ಸುತ್ತುತ್ತಿದ್ದಳು. ಎಲ್ಲೋ ಗುಡುಗಿದ ಹಾಗಾಯಿತು. ಒಳಗೆ ಮಗ್ಗದ ಸದ್ದು ನಿಂತಿತು. ನೂಲು ತುಂಡಾಯಿತೇನೋ ಎಂದುಕೊಂಡಳು. ತುಂಡಾದದ್ದನ್ನು ಗಂಟು ಹಾಕಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದಳು. ಸದ್ದು ಮತ್ತೆ ಬರಲಿಲ್ಲ.

"ಊಟಕ್ಕೆ ಏಳುತ್ತೀರಾ?" ಎಂದು ಕೂಗಿದಳು.

ಎದ್ದು ಹೋಗಿ ನೋಡಿದಳು. ಕೋಣೆಯಲ್ಲಿ ಮಗ್ಗ ಇರಲಿಲ್ಲ. ಕುಣಿ ಇರಲಿಲ್ಲ. ನಡುವೆ ನೆಲವೇ ಇರಲಿಲ್ಲ. ಅರ್ಧ ನೇಯ್ದ ಸೀರೆಯ ಒಂದು ತುದಿ ಮುರಿದ ತೊಲೆಗೆ ಸಿಕ್ಕಿಕೊಂಡು ಕೆಳಗೆ ಇಳಿಬಿದ್ದಿತ್ತು. ಕೆಳಗಿನ ನೀರು ಇನ್ನೂ ಅಲುಗಾಡುತ್ತಿತ್ತು.

ಬಾವಿಗೆ ಇಳಿದವನು ಎದುರು ಮನೆಯ ಮುದುಕ. ಬೇರೆ ಯಾರೂ ಇಳಿಯಲು ಒಪ್ಪಲಿಲ್ಲ. ಮೇಲೆ ಮಗ್ಗ ಬಿದ್ದದ್ದರಿಂದ ಹೆಣವನ್ನು ತೆಗೆಯಲು ಮರುದಿನ ಮಧ್ಯಾಹ್ನವಾಯಿತು. ಮೇಲೆ ಬಂದ ಮುದುಕ ಅವಳ ಮನೆಯ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತ.

ಊರು ಕುದಿಯಿತು. ಬಾವಿಯ ಸಂಗತಿ ಮುಚ್ಚಿಟ್ಟು ಮಾರಿದ ವರ್ತಕನನ್ನು ಎಲ್ಲರೂ ಶಪಿಸಿದರು. ಕೆಲವರು ಬಂಡಿ ಹೂಡಿಕೊಂಡು ಅವನಿದ್ದ ಊರಿಗೇ ಹೋಗಿ ಅವನ ಮನೆಯ ಬಾಗಿಲು ಒಡೆದರು. ಕೈಗೆ ಸಿಕ್ಕ ಅವನ ಮಗನ ತೋಳು ಮುರಿದರು. ದಲ್ಲಾಳಿಯ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಸುಳ್ಳು ಹೇಳದವನು ಎಂದು ಊರಿಗೆಲ್ಲ ಗೊತ್ತಿತ್ತು.

ದಲ್ಲಾಳಿಗೆ ಅನ್ನ ಸೇರಲಿಲ್ಲ. ಜಗಲಿಯ ಮೇಲೆ ಕೂರಲು ಆಗಲಿಲ್ಲ. ಅವಳು ಒಂದು ದಿನ ಬಂದೇ ಬರುತ್ತಾಳೆ, ಬಂದು ಕೇಳಿಯೇ ಕೇಳುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಈ ಸಲ ಕೇಳುವ ತನಕ ಕಾಯುವುದಿಲ್ಲ ಎಂದು ನಿಶ್ಚಯಿಸಿದ. ನನಗೆ ಗೊತ್ತಿತ್ತು ತಂಗಿ. ಇಷ್ಟು ಹೇಳಿ ಅವಳ ಮುಂದೆ ತಲೆ ಬಾಗುವುದು. ಆಮೇಲೆ ಅವಳು ಏನು ಮಾಡಿದರೂ ಸರಿ. ಹದಿಮೂರು ದಿನ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಕಾದ.

ಹದಿನಾಲ್ಕನೆಯ ದಿನ ಅವಳು ಬಂದಳು.

ಅವನು ಎದ್ದು ನಿಂತ. ಕೂರಿಸಿದ. ಮಜ್ಜಿಗೆ ಕೇಳದೆಯೇ ಒಳಗಿನಿಂದ ಬಂತು. ಆ ಮನೆಯ ಪದ್ಧತಿ ಹಾಗಿತ್ತು. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವನು ಬಾಯಿ ತೆರೆದ. ಅವಳೇ ಮೊದಲು ಮಾತಾಡಿದಳು.

"ಊರಿಗೆ ಊರೇ ಈಗ ನನ್ನ ಬಾಗಿಲಲ್ಲಿ ನಿಂತಿದೆ ಅಣ್ಣಾ. ಆಗ ಯಾರೂ ಇರಲಿಲ್ಲ. ನಾನು ಹೆದರಿ ಸಾಯುತ್ತಿದ್ದಾಗ ಕೂರಿಸಿ ಕೇಳಿದವರು ನೀವೊಬ್ಬರೇ. ನಮ್ಮ ಮನೆಯವರೂ ಅದನ್ನೇ ಹೇಳುತ್ತಿದ್ದರು. ಆ ಮನೆ ಕೊಂಡದ್ದಕ್ಕೆ ನಮಗೊಬ್ಬ ಅಣ್ಣ ಸಿಕ್ಕಿದ ಎನ್ನುತ್ತಿದ್ದರು."

ದಲ್ಲಾಳಿ ನೆಲ ನೋಡಿದ.

"ಆ ವರ್ತಕ ಮನೆಹಾಳ. ನಿಮ್ಮಂಥವರಿಗೂ ಹೇಳದೆ ಮುಚ್ಚಿಟ್ಟನಲ್ಲ! ನಮ್ಮಿಬ್ಬರಿಗೂ ಮೋಸ ಮಾಡಿದ ಅಣ್ಣಾ. ನೀವು ಕೊರಗಬೇಡಿ. ಅದನ್ನು ಹೇಳಿ ಹೋಗಬೇಕೆಂದೇ ಬಂದೆ."

ಅವಳು ಮಾತು ಮುಗಿಸಿದಳು. ಮುಗಿಸಿದವರ ಮಾತನ್ನು ಅವರಿಗೇ ತಿರುಗಿ ಹೇಳುವುದು ಅವನ ಮೂವತ್ತು ವರ್ಷದ ಅಭ್ಯಾಸ. ಹದಿಮೂರು ದಿನ ಬಾಯಲ್ಲಿದ್ದ ಮಾತು ಅಲ್ಲಿಯೇ ಇತ್ತು. ಅದರ ಪಕ್ಕದಲ್ಲಿ ಈ ಮಾತು ಬಂದು ನಿಂತಿತು. ಇದು ಸುಲಭವಾಗಿತ್ತು. ಅವಳದೇ ಮಾತಾಗಿತ್ತು.

"ಹೌದು ತಂಗಿ," ಎಂದ. "ನಮ್ಮಿಬ್ಬರಿಗೂ ಮೋಸ ಮಾಡಿದ."

ಅದು ಅವನು ಹೇಳಿದ ಮೊದಲ ಸುಳ್ಳು.

ಅವಳು ಮಜ್ಜಿಗೆ ಕುಡಿದಳು. ಎದ್ದು, ಬಗ್ಗಿ ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಕಣ್ಣು ಒರೆಸಿಕೊಂಡು ಜಗಲಿ ಇಳಿದು ಹೋದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಬಸವಂತ ಬರೆಯುವುದನ್ನು ಯಾವಾಗಲೋ ಬಿಟ್ಟಿದ್ದ. ಮುಂದೆ ಇನ್ನೂ ಇದೆ ಎಂದು ಕಾದ.

"ಆಮೇಲೆ ಅವನಿಗೆ ಏನಾಯಿತು ಗುರುಗಳೇ?" ಎಂದ. "ಎಲ್ಲಾದರೂ ಒಂದು ಕಡೆ ಅದು ಹೊರಗೆ ಬಂದಿರಬೇಕಲ್ಲ. ಯಾರಾದರೂ ಅವನನ್ನು ಹಿಡಿದು ಕೇಳಿರಬೇಕಲ್ಲ."

"ಇಲ್ಲಪ್ಪ," ಎಂದರು ಗುರುಗಳು. "ಅವನ ಮೇಲೆ ಆ ಊರಿನಲ್ಲಿ ಇಂದಿಗೂ ಒಂದು ದೂರೂ ಇಲ್ಲ."